ಬಹುಕರ್ತೃಕ ಕೃತಿಗೆ ಒಡೆಯರಾರು?

ಒಬ್ಬನು ರಚಿಸಿದ ಗ್ರಂಥಕ್ಕೆ ಅವನೇ ಒಡೆಯನೆಂಬುದು ಎಲ್ಲರೂ ಒಪ್ಪುವ ಮಾತು. ಇಬ್ಬರು ಕೂಡಿ ರಚಿಸಿದರೆ ಇಬ್ಬರಿಗೂ ಒಡೆತನವುಂಟು. ಆದರೆ ಹತ್ತು ಸಾವಿರಕ್ಕೂ ಮಿಕ್ಕ ಮಂದಿ, ಬಹುಮಟ್ಟಿಗೆ ಒಬ್ಬರ ಮುಖವನ್ನೊಬ್ಬರು ಕಾಣದೆ, ನಾನಾ ದೇಶಗಳಲ್ಲಿದ್ದುಕೊಂಡು, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತಿದ್ದಿ ಬೆಳೆಸಿದ ಗ್ರಂಥವೊಂದಿದ್ದರೆ ಅದರ ಒಡೆಯರಾರು? ಅದನ್ನು ಮಾರುವ ಅಧಿಕಾರ ಯಾರದು? ಅದನ್ನು ಅಪಹರಿಸಿದವರ ಮೇಲೆ ವ್ಯಾಜ್ಯ ಹೂಡತಕ್ಕವರು ಯಾರು? ಇದು ತರ್ಕವಿನೋದಕ್ಕಾಗಿ ಕಲ್ಪಿಸಿದ ಪ್ರಶ್ನೆಯಲ್ಲ. ಅಂತಹ ಗ್ರಂಥವೊಂದು ಇದೆ. ಅದರ ಹೆಸರು ಲೀನಕ್ಸ್. ಗಣಕಯಂತ್ರದ ಅಂಗಾಂಗಗಳನ್ನೆಲ್ಲ ಹಿಡಿತದಲ್ಲಿಟ್ಟುಕೊಂಡು ನಡೆಸುವ ತಂತ್ರಾಂಶವದು. ಮನೆಮನೆಗಳಲ್ಲಿರುವ ಆಂಡ್ರಾಯ್ಡ್ ಫೋನುಗಳೊಳಗೆ ಕೆಲಸಮಾಡುತ್ತಿರುವುದೂ ಅದೇ. ೨೦೧೭ರ ನವೆಂಬರಿನಿಂದೀಚೆಗೆ ಲೋಕದ ಅತ್ಯಂತ ವೇಗಶಾಲಿಗಳಾದ ಐನೂರು ಗಣಕಯಂತ್ರಗಳೂ ಆಶ್ರಯಿಸಿರುವುದು ಅದನ್ನೇ.

ಅವಿಭಕ್ತ ಕುಟುಂಬದ ಸ್ವತ್ತನ್ನು ಕುರಿತು ಧರ್ಮಶಾಸ್ತ್ರಕಾರರು ಇದಕ್ಕೆ ಹತ್ತಿರವಾದ ಪ್ರಶ್ನೆಯನ್ನೆತ್ತಿಕೊಂಡು ವಿಚಾರಮಾಡಿರುವರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ, ಮಕ್ಕಳೆಲ್ಲರನ್ನೂ ಕೂಡಿಸಿ ಕೇಳದೆ ಸ್ಥಾವರವನ್ನು ಮಾರುವುದಾಗಲಿ ದಾನಕೊಡುವುದಾಗಲಿ ಸಲ್ಲದೆಂದೂ, ಆಪತ್ಕಾಲದಲ್ಲಿ ಕುಟುಂಬದ ರಕ್ಷಣೆಗಾಗಿಯೋ ಧರ್ಮಕಾರ್ಯಕ್ಕಾಗಿಯೋ ಒಬ್ಬನೇ ಹಾಗೆ ಮಾಡಬಹುದೆಂದೂ ನಿರ್ಣಯವನ್ನು ಹೇಳಿರುವನು. ಸರ್ವರ ಸಮ್ಮತಿ ಸಾಮಾನ್ಯ ವಿಧಿ. ಆಪತ್ತು ಅದಕ್ಕೆ ಅಪವಾದ. ಕಳೆದ ನಲವತ್ತು ವರ್ಷಗಳಲ್ಲಿ ತಂತ್ರಾಂಶಕಾರರು ಕಟ್ಟಿಕೊಂಡ ಸಮಷ್ಟಿಸ್ವಾಮ್ಯಕ್ಕೆ ಸಮ್ಮತಿಯ ವಿಧಿ ಬಂದಿತು, ಆಪದ್ಧರ್ಮದ ಅಪವಾದ ಬರಲಿಲ್ಲ. ಅದರ ಬಲವೂ ಅದರ ಕಷ್ಟಗಳೂ ಈ ಒಂದು ಕಾರಣದಿಂದಲೇ ಹುಟ್ಟಿದುವೆಂಬುದು ಮುಂದಿನ ಇತಿಹಾಸದಿಂದ ಸ್ಪಷ್ಟವಾಗುವುದು.

೧

ತಂತ್ರಾಂಶವೆಂದರೆ ಯಂತ್ರವು ಮಾಡತಕ್ಕ ಕೆಲಸವನ್ನು ಕ್ರಮವಾಗಿ ವಿಧಿಸುವ ಬರಹ. ಅದಕ್ಕೆ ಎರಡು ರೂಪಗಳುಂಟು. ಮನುಷ್ಯರು ಓದಿ ತಿದ್ದಬಲ್ಲ ಭಾಷೆಯಲ್ಲಿರುವುದು ಮೂಲಪಾಠ. ಅದನ್ನು ಯಂತ್ರವು ಗ್ರಹಿಸುವಂತೆ ಸೊನ್ನೆ ಒಂದುಗಳ ಸಾಲಾಗಿ ಮಾರ್ಪಡಿಸಿದುದು ಯಂತ್ರಪಾಠ. ಯಂತ್ರಪಾಠವೊಂದೇ ಕೈಯಲ್ಲಿರುವವನು ತಂತ್ರಾಂಶವನ್ನು ಬಳಸಬಲ್ಲನೇ ಹೊರತು ಅದರ ದೋಷವನ್ನು ತಿದ್ದಲಾರನು. ಅಡಿಗೆಯನ್ನು ಉಂಡಮಾತ್ರದಿಂದ ಪಾಕಕ್ರಮವು ತಿಳಿಯದಷ್ಟೆ.

ಮೊದಮೊದಲು ಈ ಬರಹಗಳಿಗೆ ಪ್ರತ್ಯೇಕವಾದ ಬೆಲೆಯಿರಲಿಲ್ಲ. ಯಂತ್ರವನ್ನು ಕೊಂಡವರಿಗೆ ಅವು ಜೊತೆಯಲ್ಲಿಯೇ ದೊರೆಯುತ್ತಿದ್ದುವು. ೧೯೬೯ರ ಜೂನ್ ತಿಂಗಳಲ್ಲಿ ಐಬಿಎಂ ಸಂಸ್ಥೆಯು ಇನ್ನು ಮುಂದೆ ಯಂತ್ರಕ್ಕೂ ತಂತ್ರಾಂಶಕ್ಕೂ ಬೇರೆ ಬೇರೆ ಬೆಲೆಯೆಂದು ಸಾರಿತು. ಬೆಲೆಬಾಳುವ ವಸ್ತುವಿಗೆ ಕಾನೂನಿನ ಕಾವಲು ಬೇಕಾಯಿತು. ೧೯೮೦ರ ಡಿಸೆಂಬರಿನಲ್ಲಿ ಅಮೆರಿಕದ ಶಾಸನಸಭೆಯು ಕಾಪಿರೈಟ್ ಎನಿಸುವ ಗ್ರಂಥಸ್ವಾಮ್ಯದ ಕಾನೂನಿಗೆ ಗಣಕಯಂತ್ರದ ಬರಹಗಳನ್ನು ಸ್ಪಷ್ಟವಾಗಿ ಸೇರಿಸಿತು. ೧೯೮೩ರ ಆಗಸ್ಟಿನಲ್ಲಿ ಆಪಲ್ ಮತ್ತು ಫ್ರಾಂಕ್ಲಿನ್ ಸಂಸ್ಥೆಗಳ ವ್ಯಾಜ್ಯದಲ್ಲಿ, ಮನುಷ್ಯರು ಓದಲಾರದ ಯಂತ್ರಪಾಠಕ್ಕೂ ಗ್ರಂಥಸ್ವಾಮ್ಯವುಂಟೆಂದು ಅಲ್ಲಿಯ ಮೇಲಿನ ನ್ಯಾಯಾಲಯವೊಂದು ತೀರ್ಪಿತ್ತಿತು. ಭಾರತದಲ್ಲಿ ೧೯೫೭ರ ಅಧಿನಿಯಮವನ್ನು ೧೯೮೪ರಲ್ಲಿ ತಿದ್ದಿ, ಸಾಹಿತ್ಯಕೃತಿಯೆಂಬ ಪದದ ಅರ್ಥದೊಳಗೆ ಗಣಕಯಂತ್ರದ ಬರಹವನ್ನೂ ಸೇರಿಸಲಾಯಿತು. ಹೀಗೆ ಕಾವ್ಯ, ನಾಟಕ, ನಿಘಂಟುಗಳ ಪಂಕ್ತಿಯಲ್ಲಿಯೇ ತಂತ್ರಾಂಶಕ್ಕೂ ಸ್ಥಾನವು ದೊರೆಯಿತು.

ಈ ಸ್ವಾಮ್ಯದ ಒಂದು ಲಕ್ಷಣವನ್ನು ವಾಚಕರು ಗಮನದಲ್ಲಿಡಬೇಕು. ಬರ್ನ್ ಒಡಂಬಡಿಕೆಯನ್ನು ಅಂಗೀಕರಿಸಿದ ದೇಶಗಳಲ್ಲಿ ಅದು ಬೇಡದೆಯೇ ಬರುವುದು. ನೋಂದಣಿ ಬೇಕಾಗಿಲ್ಲ, ಮುದ್ರೆ ಬೇಕಾಗಿಲ್ಲ. ಬರೆದ ಕ್ಷಣದಿಂದಲೇ ಬರೆದವನು ಸ್ವಾಮಿ. ಅಮೆರಿಕವು ೧೯೮೯ರ ಮಾರ್ಚ್ ೧ರಂದು ಈ ಒಡಂಬಡಿಕೆಗೆ ಸೇರಿತು. ಆದುದರಿಂದ ಕರ್ತೃವು ಏನನ್ನೂ ಹೇಳದೆ ಸುಮ್ಮನಿದ್ದರೆ ಅವನ ಮೌನವು ನಿಷೇಧವೆಂದೇ ಅರ್ಥವಾಗುವುದು. ಕೊಡಬೇಕೆಂಬ ಮನಸ್ಸುಳ್ಳವನು ಕೊಟ್ಟೆನೆಂದು ಬರೆದು ತಿಳಿಸತಕ್ಕದ್ದು. ಆ ಬರಹವೇ ಪರವಾನಗಿ.

೨

ಬರಹವಿಲ್ಲದ ಬಾಯಿಮಾತಿನ ಕಾಲವೂ ಒಂದಿದ್ದಿತು. ೧೯೭೬ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್ಮನ್ನರೂ ಅವರ ಜೊತೆಗಾರರೂ ಈಮ್ಯಾಕ್ಸ್ ಎಂಬ, ಬರಹಗಳನ್ನು ತಿದ್ದುವ ತಂತ್ರಾಂಶವನ್ನು ರಚಿಸಿದರು. ಅದನ್ನು ಬೇಡಿದವರಿಗೆಲ್ಲ ಕೊಟ್ಟರು. ಪಡೆದವರು ತಾವು ಮಾಡಿದ ಸುಧಾರಣೆಗಳನ್ನು ಹಿಂದಕ್ಕೆ ತಂದೊಪ್ಪಿಸಬೇಕೆಂಬುದೊಂದೇ ನಿಯಮ. ಸ್ನೇಹಿತರ ನಡುವಣ ಇಂತಹ ಕಟ್ಟಳೆಗೆ ಕಾನೂನಿನ ಆಸರೆ ಬೇಕೆಂದು ಆಗ ಯಾರಿಗೂ ತೋರಲಿಲ್ಲ.

ಅನಂತರ ಜೇಮ್ಸ್ ಗಾಸ್ಲಿಂಗರು ಯೂನಿಕ್ಸ್ ವ್ಯವಸ್ಥೆಗೆ ಹೊಂದುವಂತೆ ಈಮ್ಯಾಕ್ಸಿನ ಬೇರೊಂದು ಪಾಠವನ್ನು ರಚಿಸಿ, ಕೆಲವು ಕಾಲ ಹಂಚುತ್ತಿದ್ದರು. ೧೯೮೩ರಲ್ಲಿ ಅದನ್ನು ಯೂನಿಪ್ರೆಸ್ ಎಂಬ ವ್ಯಾಪಾರಸಂಸ್ಥೆಗೆ ಮಾರಿದರು. ಕಾನೂನಿನ ದೃಷ್ಟಿಯಿಂದ ಅವರು ಮಾಡಿದುದರಲ್ಲಿ ತಪ್ಪನ್ನು ತೋರಿಸುವುದು ಕಷ್ಟ. ಆದರೆ ಆ ಪಾಠವನ್ನು ಹಂಚಿಕೊಂಡು ಬಳಸುತ್ತಿದ್ದವರೂ ಅದಕ್ಕೆ ತಿದ್ದುಪಡಿಗಳನ್ನು ಕಳುಹಿಸಿದ್ದವರೂ ಹೊರಗುಳಿದರು. ೧೯೮೫ರಲ್ಲಿ ಸ್ಟಾಲ್ಮನ್ನರು ತಮ್ಮ ಹೊಸ ಈಮ್ಯಾಕ್ಸನ್ನು ಹೊರತಂದಾಗ ಗಾಸ್ಲಿಂಗರ ಪಾಠದ ಕೆಲವು ಭಾಗಗಳು ಅದರಲ್ಲಿದ್ದುವು. ಸಹಕರ್ತೃವೊಬ್ಬನ ಅನುಮತಿಯುಂಟೆಂದು ಅವರು ನಂಬಿದ್ದರು. ಯೂನಿಪ್ರೆಸ್ಸಿನವರು ಆಕ್ಷೇಪಿಸಲಾಗಿ, ಆ ಭಾಗಗಳನ್ನೆಲ್ಲ ತೆಗೆದುಹಾಕಿ ಹೊಸದಾಗಿ ಬರೆಯಬೇಕಾಯಿತು. ಬಾಯಿಮಾತಿನ ನಂಬಿಕೆ ಸ್ವಾಮ್ಯದ ಮುಂದೆ ನಿಲ್ಲಲಾರದೆಂಬುದು ಅಂದು ನಿರ್ವಿವಾದವಾಗಿ ತಿಳಿದುಬಂದಿತು.

ಇದಕ್ಕೆ ಮೊದಲೇ, ೧೯೮೩ರ ಸೆಪ್ಟೆಂಬರ್ ೨೭ರಂದು, ಎಲ್ಲರೂ ಓದಿ ತಿದ್ದಿ ಹಂಚಬಹುದಾದ ಸಂಪೂರ್ಣ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸ್ಟಾಲ್ಮನ್ನರು ಸಾರಿದ್ದರು. ಅದಕ್ಕೆ ಗ್ನೂ ಎಂದು ಹೆಸರು. ಮರುವರ್ಷದ ಜನವರಿಯಲ್ಲಿ ವಿದ್ಯಾಲಯದ ಉದ್ಯೋಗವನ್ನು ಬಿಟ್ಟರು. ಸಂಬಳಕ್ಕಾಗಿ ಬರೆದುದರ ಸ್ವಾಮ್ಯವನ್ನು ಸಂಬಳ ಕೊಟ್ಟವರು ಕೇಳಬಹುದೆಂಬ ಶಂಕೆಯೂ ಅದಕ್ಕೊಂದು ಕಾರಣ. ೧೯೮೫ರ ಅಕ್ಟೋಬರಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಪ್ರತಿಷ್ಠಾನವು ಸ್ಥಾಪಿತವಾಯಿತು.

ಕೃತಿಯನ್ನು ಹೇಗೆ ಕೊಡುವುದೆಂಬುದು ಅವರ ಮುಂದಿದ್ದ ಪ್ರಶ್ನೆ. ಕೆರೆಯನ್ನು ಕಟ್ಟಿಸಿದವನು ಸರ್ವಪ್ರಾಣಿಗಳಿಗೂ ಆಗಲೆಂದು ಉತ್ಸರ್ಗಮಾಡಿ ತನ್ನ ಸ್ವತ್ವವನ್ನು ನೀಗಿಕೊಳ್ಳುವಂತೆ ತಾವೂ ಸ್ವಾಮ್ಯವನ್ನು ತ್ಯಜಿಸಬಹುದಾಗಿದ್ದಿತು. ಹಾಗೆ ಮಾಡಿದ್ದರೆ, ಯಾವ ವ್ಯಾಪಾರಿಯಾದರೂ ಅದನ್ನು ಕೊಂಡೊಯ್ದು ಸ್ವಲ್ಪ ತಿದ್ದಿ, ತಿದ್ದಿದ ಪಾಠವನ್ನು ಮುಚ್ಚಿಟ್ಟು ಮಾರುವುದಕ್ಕೆ ಅಡ್ಡಿಯಿರುತ್ತಿರಲಿಲ್ಲ. ಆದುದರಿಂದ ಸ್ಟಾಲ್ಮನ್ನರು ಸ್ವಾಮ್ಯವನ್ನು ಬಿಡಲಿಲ್ಲ. ಇಟ್ಟುಕೊಂಡು, ಅದರ ಬಲದಿಂದಲೇ ಒಂದು ಕಟ್ಟಳೆಯನ್ನು ವಿಧಿಸಿದರು. ಯಾರು ಬೇಕಾದರೂ ಈ ಕೃತಿಯನ್ನು ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು, ಬೆಲೆಗೆ ಮಾರಲೂ ಬಹುದು. ಆದರೆ ಹಂಚುವವನು ತನ್ನ ತಿದ್ದುಪಡಿಗಳನ್ನೊಳಗೊಂಡ ಮೂಲಪಾಠವನ್ನು ಪಡೆದವನಿಗೆ ದೊರಕಿಸತಕ್ಕದ್ದು, ಮತ್ತು ತಾನು ಪಡೆದ ಹಕ್ಕುಗಳನ್ನೆಲ್ಲ ಅವನಿಗೂ ಕೊಡತಕ್ಕದ್ದು. ಕಟ್ಟಳೆಯನ್ನು ಮುರಿದವನಿಗೆ ಪರವಾನಗಿ ತಪ್ಪುವುದು. ಪರವಾನಗಿ ತಪ್ಪಿದವನು ಸಾಮಾನ್ಯ ಗ್ರಂಥಚೋರನಾಗಿ ಕಾನೂನಿನ ಕೈಗೆ ಸಿಕ್ಕುವನು. ಕಾಪಿರೈಟ್ ಎಂಬಲ್ಲಿ ಹಕ್ಕೆಂಬ ಅರ್ಥದ ರೈಟ್ ಶಬ್ದಕ್ಕೆ ಬಲಗಡೆಯೆಂಬ ಅರ್ಥವೂ ಉಂಟಾದುದರಿಂದ, ಡಾನ್ ಹಾಪ್ಕಿನ್ಸ್ ಎಂಬ ಮಿತ್ರರು ಕಾಗದವೊಂದರಲ್ಲಿ ಶ್ಲೇಷೆಮಾಡಿ ಇದನ್ನು ಕಾಪಿಲೆಫ್ಟ್ ಎಂದು ಕರೆದರು; ಹೆಸರು ನಿಂತಿತು. ಎಲ್ಲ ಕೃತಿಗಳಿಗೂ ಅನ್ವಯಿಸುವಂತೆ ಬರೆದ ಜಿಪಿಎಲ್ ಎಂಬ ಪರವಾನಗಿಯ ಮೊದಲ ಆವೃತ್ತಿ ೧೯೮೯ರ ಫೆಬ್ರುವರಿಯಲ್ಲಿಯೂ ಎರಡನೆಯದು ೧೯೯೧ರ ಜೂನಿನಲ್ಲಿಯೂ ಪ್ರಕಟವಾದುವು.

ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದವರ ಪಕ್ಷ ಬೇರೆ. ಕರ್ತೃಗಳ ಹೆಸರನ್ನೂ ಪರವಾನಗಿಯ ಒಕ್ಕಣೆಯನ್ನೂ ಅಳಿಸದೆ ಉಳಿಸಿಕೊಂಡರೆ ಸಾಕು, ಮುಚ್ಚಿಟ್ಟು ಮಾರಿದರೂ ಚಿಂತೆಯಿಲ್ಲವೆಂಬುದು ಅವರ ಔದಾರ್ಯ. ಎರಡು ಪಕ್ಷಗಳಿಗೂ ಇಂದಿಗೂ ಅನುಯಾಯಿಗಳುಂಟು.

೩

ಕಟ್ಟಳೆಯೇನೋ ಸಿದ್ಧವಾಯಿತು. ಅದನ್ನು ಕಾಯುವವರು ಯಾರು? ಇಲ್ಲಿಂದ ದಾರಿ ಎರಡಾಯಿತು.

ಪ್ರತಿಷ್ಠಾನವು ಸ್ವಾಮ್ಯವನ್ನು ಒಂದೆಡೆ ಕೂಡಿಸುವ ದಾರಿಯನ್ನು ಹಿಡಿಯಿತು. ಗ್ನೂವಿನ ಮುಖ್ಯಕೃತಿಗಳಿಗೆ ಬರಹವನ್ನು ಕೊಡುವವರು ತಮ್ಮ ಹಕ್ಕನ್ನು ಕಾಗದಮೂಲಕ ಪ್ರತಿಷ್ಠಾನಕ್ಕೆ ವರ್ಗಮಾಡುವರು. ಕೃತಿಯನ್ನು ಎಂದೆಂದಿಗೂ ಮುಕ್ತವಾಗಿಯೇ ಹಂಚುವೆನೆಂದು ಪ್ರತಿಷ್ಠಾನವು ಪ್ರತಿಜ್ಞೆಮಾಡಿ, ಕರ್ತೃವಿಗೆ ತನ್ನ ಬರಹವನ್ನು ಬೇಕಾದಂತೆ ಬಳಸುವ ಹಕ್ಕನ್ನು ಮರಳಿ ಕೊಡುವುದು. ವ್ಯಾಜ್ಯ ಬಂದಾಗ ವಾದಿಯೊಬ್ಬನೇ ಆಗಿರುವುದರಿಂದ ಕೆಲಸ ಸುಲಭ.

ಲೀನಕ್ಸಿನ ದಾರಿ ಬೇರೆಯಾಯಿತು. ೧೯೯೧ರ ಆಗಸ್ಟ್ ೨೫ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸರು ತಮ್ಮ ಪ್ರಯತ್ನವನ್ನು ಲೋಕಕ್ಕೆ ತಿಳಿಸಿ, ಮುಂದಿನ ತಿಂಗಳು ಮೊದಲ ಪಾಠವನ್ನು ಹೊರಗಿಟ್ಟರು. ಅದರ ಮೊದಲಿನ ಪರವಾನಗಿಯು ಹಣಕ್ಕೆ ಮಾರುವುದನ್ನು ನಿಷೇಧಿಸಿದ್ದಿತು. ಪ್ರತಿಮಾಡಿಕೊಡುವವರು ತಟ್ಟೆಗಳ ಖರ್ಚನ್ನಾದರೂ ಪಡೆಯಬಾರದೇ ಎಂಬ ಪ್ರಶ್ನೆ ಬಂದಿತು. ೧೯೯೨ರ ಮೊದಲಲ್ಲಿ ಟೋರ್ವಾಲ್ಡ್ಸರು ಆ ನಿಷೇಧವನ್ನು ಕೈಬಿಟ್ಟು ಜಿಪಿಎಲ್ಲನ್ನು ಸ್ವೀಕರಿಸಿದರು. ಹಾಗೆ ಬದಲಿಸುವುದು ಅಂದು ಸಾಧ್ಯವಾದುದು, ಸಹಕರ್ತೃಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ. ಅನಂತರ ಬಂದವರ ಸ್ವಾಮ್ಯವನ್ನು ಯಾರೂ ಕೇಳಲಿಲ್ಲ, ಯಾರೂ ಕೂಡಿಸಲಿಲ್ಲ. ಬರೆದ ಪಂಕ್ತಿ ಬರೆದವನದು, ಅಥವಾ ಅವನಿಗೆ ಸಂಬಳ ಕೊಟ್ಟ ಸಂಸ್ಥೆಯದು. ಎಲ್ಲರೂ ಒಂದೇ ಪರವಾನಗಿಯಡಿ ಕೊಟ್ಟಿರುವುದರಿಂದ ಕೃತಿಯು ಒಂದಾಗಿ ನಿಂತಿದೆ.

ಒಡೆಯರು ಹೀಗೆ ಚದರಿಹೋದರೆ ಕಟ್ಟಳೆಗೆ ಬಲವೆಲ್ಲಿಯದೆಂಬ ಸಂದೇಹಕ್ಕೆ ನ್ಯಾಯಾಲಯಗಳೇ ಉತ್ತರವಿತ್ತುವು. ಹೆರಾಲ್ಡ್ ವೆಲ್ಟೆಯವರು ಲೀನಕ್ಸಿನ ಒಂದು ಭಾಗದ ಸಹಕರ್ತೃಗಳು. ಸಂಪರ್ಕಸಾಧನಗಳನ್ನು ಮಾರುವ ಸೈಟ್‌ಕಾಮ್ ಸಂಸ್ಥೆಯು ಮೂಲಪಾಠವನ್ನು ಕೊಡದಿರಲಾಗಿ ಅವರು ೨೦೦೪ರಲ್ಲಿ ಮ್ಯೂನಿಕ್ ನಗರದ ನ್ಯಾಯಾಲಯವನ್ನು ಸೇರಿದರು. ಕಟ್ಟಳೆಯು ಸಿಂಧುವೆಂದು ಎಣಿಸಿ ನ್ಯಾಯಾಲಯವು ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ೨೦೦೮ರ ಆಗಸ್ಟಿನಲ್ಲಿ ಅಮೆರಿಕದ ಮೇಲ್ಮನವಿಯ ನ್ಯಾಯಾಲಯದ ಮುಂದೆ ಬಂದುದು ಆಟದ ರೈಲುಗಾಡಿಗಳನ್ನು ನಡೆಸುವ ತಂತ್ರಾಂಶ. ವಿಷಯ ಚಿಕ್ಕದು, ತತ್ತ್ವ ದೊಡ್ಡದು. ಧರ್ಮಕ್ಕೆ ಕೊಟ್ಟ ಕೃತಿಯ ಷರತ್ತನ್ನು ಮುರಿದರೆ ಅದು ಬರಿಯ ಮಾತುತಪ್ಪಿದಂತೆಯೋ, ಸ್ವಾಮ್ಯದ ಉಲ್ಲಂಘನೆಯೋ? ಬೆಲೆಯಿಲ್ಲದೆ ಕೊಟ್ಟುದಾದರೂ ಷರತ್ತು ಷರತ್ತೇ, ಮುರಿದರೆ ಸ್ವಾಮ್ಯದ ಉಲ್ಲಂಘನೆಯೇ ಆಗುವುದೆಂದು ಜೇಕಬ್ಸನ್ ಮತ್ತು ಕಾಟ್ಜರ್ ಎಂಬವರ ಆ ವ್ಯಾಜ್ಯದಲ್ಲಿ ನಿರ್ಣಯವಾಯಿತು.

೪

ಹಂಚಿಹೋದ ಸ್ವಾಮ್ಯದ ಕಷ್ಟಗಳು ಕಡಮೆಯಲ್ಲ. ಮೊದಲನೆಯದು ಮೂಲದ ಪ್ರಶ್ನೆ. ೨೦೦೩ರ ಮಾರ್ಚ್ ತಿಂಗಳಲ್ಲಿ ಎಸ್‌ಸಿಒ ಎಂಬ ಸಂಸ್ಥೆಯು, ಯೂನಿಕ್ಸ್ ತನ್ನದೆಂದೂ ಅದರಿಂದ ಲೀನಕ್ಸಿಗೆ ಅಕ್ರಮವಾಗಿ ಲಾಭವಾಗಿದೆಯೆಂದೂ ಐಬಿಎಂ ಮೇಲೆ ನೂರು ಕೋಟಿ ಡಾಲರಿನ ವ್ಯಾಜ್ಯ ಹೂಡಿತು. ಕಡೆಗೆ ೨೦೧೦ರಲ್ಲಿ ಯೂನಿಕ್ಸಿನ ಗ್ರಂಥಸ್ವಾಮ್ಯವು ಎಸ್‌ಸಿಒಗೆ ಬಂದೇ ಇರಲಿಲ್ಲ, ನೋವೆಲ್ ಸಂಸ್ಥೆಯಲ್ಲಿಯೇ ಉಳಿದಿದ್ದಿತೆಂದು ಪಂಚಾಯತರು ಹೇಳಿದರು; ಐಬಿಎಂ ಮೇಲಣ ವ್ಯಾಜ್ಯವು ೨೦೨೧ರಲ್ಲಿ ರಾಜಿಯಾಗಿ ಮುಗಿಯಿತು. ಆದರೂ ಆ ಅವಧಿಯಲ್ಲಿ, ಯಾವ ಪಂಕ್ತಿ ಯಾರಿಂದ ಬಂದಿತೆಂದು ಕೇಳಿದರೆ ತೋರಿಸಲು ಲೆಕ್ಕ ಬೇಕೆಂಬುದು ಎಲ್ಲರಿಗೂ ಮನದಟ್ಟಾಯಿತು. ೨೦೦೪ರ ಮೇ ತಿಂಗಳಿನಿಂದ ಲೀನಕ್ಸಿಗೆ ಬರುವ ಪ್ರತಿಯೊಂದು ತಿದ್ದುಪಡಿಯ ಕೆಳಗೂ, ಇದನ್ನು ಕೊಡಲು ತನಗೆ ಅಧಿಕಾರವುಂಟೆಂಬ ಪ್ರಮಾಣದೊಡನೆ ಕೊಟ್ಟವನ ಹೆಸರನ್ನು ನಮೂದಿಸುವ ಪದ್ಧತಿ ಬಂದಿತು. ವಂಶಾವಳಿಯಿಲ್ಲದೆ ದಾಯಭಾಗವಿಲ್ಲವೆಂಬ ನ್ಯಾಯವು ಇಲ್ಲಿಯೂ ನಿಜವಾಯಿತು.

ಎರಡನೆಯದು ಬದಲಾವಣೆಯ ಪ್ರಶ್ನೆ. ತಿದ್ದಿದ ಪಾಠವು ನಡೆಯದಂತೆ ಬೀಗಹಾಕಿದ ಟೀವೋ ಮೊದಲಾದ ಯಂತ್ರಗಳನ್ನು ಕಂಡು ಸ್ಟಾಲ್ಮನ್ನರು ಅದನ್ನು ತಡೆಯುವ ವಿಧಿಯನ್ನೊಳಗೊಂಡ ಮೂರನೆಯ ಜಿಪಿಎಲ್ಲನ್ನು ೨೦೦೭ರ ಜೂನ್ ೨೯ರಂದು ಹೊರಡಿಸಿದರು. ಟೋರ್ವಾಲ್ಡ್ಸರು ಒಪ್ಪಲಿಲ್ಲ. ಒಪ್ಪಿದ್ದರೂ ಪ್ರಯೋಜನವೇನು? ಸಾವಿರಾರು ಸಹಕರ್ತೃಗಳನ್ನು ಹುಡುಕಿ ಕೇಳಬೇಕಾಗಿದ್ದಿತು. ತೀರಿಹೋದವರ ಪಾಲು ಅವರ ವಾರಸುದಾರರದು. ಗ್ರಂಥಸ್ವಾಮ್ಯವು ಕರ್ತೃವಿನ ಮರಣಾನಂತರ ಭಾರತದಲ್ಲಿ ೬೦ ವರ್ಷ, ಯೂರೋಪಿನ ಒಕ್ಕೂಟದ ದೇಶಗಳಲ್ಲಿ ೭೦ ವರ್ಷ ಉಳಿಯುವುದು. ಲೀನಕ್ಸ್ ಇಂದಿಗೂ ಎರಡನೆಯ ಆವೃತ್ತಿಯಡಿಯಲ್ಲಿಯೇ ಇದೆ.

ಇದಕ್ಕಿಂತ ಚಿಕ್ಕ ಕೃತಿಯಲ್ಲಿಯೂ ಬದಲಾವಣೆ ಎಷ್ಟು ಪ್ರಯಾಸವೆಂಬುದಕ್ಕೆ ವಿಎಲ್‌ಸಿ ಎಂಬ, ಚಲನಚಿತ್ರಗಳನ್ನೂ ಸಂಗೀತವನ್ನೂ ನಡೆಸುವ ತಂತ್ರಾಂಶವೇ ಸಾಕ್ಷಿ. ಪ್ಯಾರಿಸ್ಸಿನ ಬಳಿಯ ವಿದ್ಯಾರ್ಥಿಗಳು ಪ್ರಾರಂಭಿಸಿದ ಈ ಕೃತಿ ೨೦೦೧ರಲ್ಲಿ ಜಿಪಿಎಲ್ ಅಡಿಯಲ್ಲಿ ಹೊರಬಂದಿತು. ೨೦೧೧ರ ಜನವರಿಯಲ್ಲಿ, ಆಪಲ್ ಸಂಸ್ಥೆಯ ಮಾರುಕಟ್ಟೆಯ ನಿಯಮಗಳಿಗೂ ಜಿಪಿಎಲ್ಲಿಗೂ ಹೊಂದಿಕೆಯಿಲ್ಲವೆಂದು ಸಹಕರ್ತೃಗಳಲ್ಲಿ ಒಬ್ಬರು ಆಕ್ಷೇಪಿಸಲಾಗಿ ವಿಎಲ್‌ಸಿಯನ್ನು ಅಲ್ಲಿಂದ ತೆಗೆಯಲಾಯಿತು. ಒಬ್ಬರ ಮಾತು ಸಾಕಾಯಿತು. ಪರವಾನಗಿಯನ್ನು ಸಡಿಲಿಸಲು ಮಾತ್ರ ಎಲ್ಲರೂ ಬೇಕಾದರು. ಜಾನ್ ಬ್ಯಾಪ್ಟಿಸ್ಟ್ ಕೆಂಫರು ಹಳೆಯ ಸಹಕರ್ತೃಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಸಮ್ಮತಿಯನ್ನು ಬೇಡಿದರು. ಕೃತಿಯ ಒಳತಿರುಳಿನ ಪರವಾನಗಿ ೨೦೧೧ರ ಕೊನೆಯಲ್ಲಿಯೂ ಅದಕ್ಕೆ ಸೇರಿದ ಅಂಗಗಳಲ್ಲಿ ಬಹುಪಾಲಿನದು ೨೦೧೨ರಲ್ಲಿಯೂ ಬದಲಾದುವು.

ಮೂರನೆಯದು ದಾಯಾದಿಯ ದುರಾಶೆ. ಪ್ರತಿಯೊಬ್ಬ ಸಹಕರ್ತೃವಿಗೂ ವ್ಯಾಜ್ಯದ ಹಕ್ಕಿರುವುದರಿಂದ, ಅದನ್ನು ಸ್ವಂತ ಗಳಿಕೆಯ ಸಾಧನವನ್ನಾಗಿ ಮಾಡಿಕೊಳ್ಳುವುದಕ್ಕೂ ಅವಕಾಶವುಂಟು. ಜರ್ಮನಿಯಲ್ಲಿ ಇಂತಹ ಆರೋಪಗಳು ಹುಟ್ಟಿದ ಮೇಲೆ, ೨೦೧೭ರ ಅಕ್ಟೋಬರಿನಲ್ಲಿ ಲೀನಕ್ಸಿನ ಅನೇಕ ಸಹಕರ್ತೃಗಳು ಕೂಡಿ, ಎಚ್ಚರಿಕೆ ತಲುಪಿದ ೩೦ ದಿನಗಳೊಳಗೆ ತಪ್ಪನ್ನು ತಿದ್ದಿಕೊಂಡವರ ಹಕ್ಕನ್ನು ಮರಳಿ ಕೊಡುವುದಾಗಿ ಘೋಷಿಸಿದರು.

೫

ಇಷ್ಟು ತೊಡಕುಗಳಿರುವಲ್ಲಿ ಸ್ವಾಮ್ಯವನ್ನು ಒಂದೇ ಕೈಯಲ್ಲಿ ಕೂಡಿಸುವುದೇ ಮೇಲಲ್ಲವೇ ಎಂದು ಕೇಳಬಹುದು. ಕೈ ಯಾರದೆಂಬುದರ ಮೇಲೆ ಉತ್ತರವು ನಿಂತಿದೆ. ಪ್ರತಿಷ್ಠಾನವು ಪಡೆಯುವ ಹಕ್ಕಿಗೆ ಅದರ ಪ್ರತಿಜ್ಞೆ ಅಂಕುಶವಾಗಿದೆ. ವ್ಯಾಪಾರಸಂಸ್ಥೆಗಳೂ ಸಹಕರ್ತೃಗಳಿಂದ ಒಪ್ಪಂದದ ಪತ್ರಗಳನ್ನು ಬರೆಸಿಕೊಳ್ಳುವುದುಂಟು. ಅವುಗಳಲ್ಲಿ ಬಂದ ಬರಹವನ್ನು ಮುಂದೆ ಯಾವ ಪರವಾನಗಿಯಡಿಯಲ್ಲಿ ಬೇಕಾದರೂ ಕೊಡುವ ಅಧಿಕಾರವು ಹೆಚ್ಚಾಗಿ ಸಂಸ್ಥೆಗೆ ದತ್ತವಾಗಿರುವುದು, ಅಂಕುಶ ಮಾತ್ರ ಕಾಣಿಸದು.

ಹಾಶಿಕಾರ್ಪ್ ಸಂಸ್ಥೆಯು ೨೦೧೪ರಲ್ಲಿ ಹೊರತಂದ ಟೆರಾಫಾರ್ಮ್ ಎಂಬ ತಂತ್ರಾಂಶಕ್ಕೆ ಹೊರಗಿನವರ ದುಡಿಮೆಯೂ ಹೇರಳವಾಗಿ ಸೇರಿದ್ದಿತು. ಅದರ ಮೊದಲಿನ ಪರವಾನಗಿ ಮುಕ್ತವಾದುದೇ. ೨೦೨೩ರ ಆಗಸ್ಟಿನಲ್ಲಿ ಸಂಸ್ಥೆಯು, ತನಗೆ ಪೈಪೋಟಿಯಾಗುವ ವ್ಯಾಪಾರಕ್ಕೆ ಬಳಸಬಾರದೆಂಬ ಬೇರೊಂದು ಪರವಾನಗಿಯನ್ನು ಮುಂದಿನ ಪಾಠಗಳಿಗೆ ವಿಧಿಸಿತು. ಪೈಪೋಟಿಗಾರರು ತಾವು ದುಡಿಯದೆ ತನ್ನ ದುಡಿಮೆಯಿಂದ ಲಾಭಪಡೆಯುತ್ತಿರುವರೆಂಬುದು ಸಂಸ್ಥೆಯ ವಾದ; ಆ ವಾದದಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಆದರೆ ಒಪ್ಪಂದದ ಪತ್ರಗಳಿದ್ದುದರಿಂದ ಸಹಕರ್ತೃಗಳಾರನ್ನೂ ಕೇಳಬೇಕಾಗಿರಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಅಂಶ. ಅಸಮಾಧಾನಗೊಂಡವರಿಗೆ ಉಳಿದುದು ಹಳೆಯ ಪಾಠವೊಂದೇ. ಅದಕ್ಕೆ ಒಮ್ಮೆ ಕೊಟ್ಟ ಪರವಾನಗಿ ಹಿಂದಕ್ಕೆ ಬರುವಂತಿಲ್ಲ. ಅದನ್ನೆತ್ತಿಕೊಂಡು ಬೇರೆ ಮನೆಮಾಡಿದರು. ಓಪನ್‌ಟೋಫು ಎಂಬ ಹೆಸರಿನ ಆ ಕವಲು ಸೆಪ್ಟೆಂಬರಿನಲ್ಲಿ ಲೀನಕ್ಸ್ ಫೌಂಡೇಶನ್ನಿನ ಆಶ್ರಯವನ್ನು ಪಡೆಯಿತು. ೧೯೮೩ರಲ್ಲಿ ಈಮ್ಯಾಕ್ಸಿನ ಬಳಗದವರಿಗೆ ಇಂತಹ ಆಸರೆಯಿರಲಿಲ್ಲ. ನಲವತ್ತು ವರ್ಷಗಳಲ್ಲಿ ಪರವಾನಗಿಯ ಬರಹವು ಗಳಿಸಿಕೊಟ್ಟ ಲಾಭವಿದು.

ಪರವಾನಗಿಯು ನಿನ್ನೆಯವರೆಗಿನ ಕೃತಿಯನ್ನು ಕಾಯಬಲ್ಲುದು. ನಾಳೆಯ ಕೃತಿಯನ್ನು ಕಾಯುವುದು ಸ್ವಾಮ್ಯದ ನೆಲೆ. ಲೀನಕ್ಸನ್ನು ಕೊಳ್ಳಬೇಕೆಂದು ಧನಿಕನೊಬ್ಬನು ಎಷ್ಟು ಕೋಟಿಗಳನ್ನು ತಂದರೂ ಅದನ್ನು ಮಾರಬಲ್ಲವನು ಯಾರೂ ಇಲ್ಲ. ಅದರ ಮೂಲಕರ್ತೃಗಳಿಗೂ ಆ ಅಧಿಕಾರವಿಲ್ಲ. ಒಳ್ಳೆಯ ಕಾರಣಕ್ಕೂ ಬದಲಿಸಲಾಗದೆಂಬ ಕಷ್ಟವೇ ಕೆಟ್ಟ ಕಾರಣಕ್ಕೆ ಬದಲಿಸಲಾಗದೆಂಬ ಅಭಯವೂ ಆಗಿದೆ. ಪ್ರತಿಷ್ಠಾನದ ಆಶ್ರಯದಲ್ಲಿಯೇ ಬೆಳೆದ ಜಿಸಿಸಿ ಎಂಬ ಪ್ರಸಿದ್ಧ ಕೃತಿಯ ನಿರ್ವಾಹಕ ಸಮಿತಿಯವರು ೨೦೨೧ರ ಜೂನಿನಲ್ಲಿ, ಹಕ್ಕಿನ ವರ್ಗಾವಣೆ ಇನ್ನು ಕಡ್ಡಾಯವಲ್ಲ, ಲೀನಕ್ಸಿನವರ ಪ್ರಮಾಣಪದ್ಧತಿಯೂ ಸಾಕೆಂದು ತೀರ್ಮಾನಿಸಿದರು. ಅನುಭವವು ಯಾವ ಕಡೆಗೆ ಒಲೆಯುತ್ತಿದೆಯೆಂಬುದನ್ನು ಇದರಿಂದ ಊಹಿಸಬಹುದು.

ಈ ವಿಚಾರವು ತಂತ್ರಾಂಶಕಾರರಿಗೆ ಮಾತ್ರ ಸಂಬಂಧಿಸಿದುದಲ್ಲ. ನಿಘಂಟು, ವಿಶ್ವಕೋಶ, ಪದಸೂಚಿ ಮುಂತಾದುವುಗಳಿಗಾಗಿ ಹಲವರು ಕೂಡಿ ದುಡಿಯುವ ಎಲ್ಲೆಡೆಯೂ ಇದೇ ಪ್ರಶ್ನೆ ಕಾದಿರುವುದು. ಭಾರತದ ಅಧಿನಿಯಮದಂತೆ ಸ್ವಾಮ್ಯದ ವರ್ಗಾವಣೆಯು ಲಿಖಿತವಾಗಿಯೂ ಸಹಿಯೊಡನೆಯೂ ಇರತಕ್ಕದ್ದು. ಅವಧಿಯನ್ನು ಹೇಳದಿದ್ದರೆ ಐದು ವರ್ಷಗಳಿಗೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸತಕ್ಕದ್ದು. ಆದುದರಿಂದ ಸಮಷ್ಟಿಕಾರ್ಯಕ್ಕೆ ತನ್ನ ಬರಹವನ್ನೊಪ್ಪಿಸುವವನು ಎರಡು ಕಾಗದಗಳನ್ನು ಓದಿ ನೋಡುವುದು ಒಳಿತು. ಲೋಕಕ್ಕೆ ಏನನ್ನು ಕೊಡಲಾಗುತ್ತಿದೆಯೆಂಬುದನ್ನು ಪರವಾನಗಿಯಲ್ಲಿ ಕಾಣಬಹುದು. ಅದನ್ನು ಮುಂದೆ ಬದಲಿಸುವ ಕೈ ಯಾರದೆಂಬುದನ್ನು ಒಪ್ಪಂದದ ಪತ್ರದಲ್ಲಿ ಕಾಣಬಹುದು. ಮೊದಲನೆಯದನ್ನು ಎಲ್ಲರೂ ಓದುವರು. ಎರಡನೆಯದನ್ನು ಓದುವವರು ವಿರಳ. ಈವರೆಗಿನ ವ್ಯಾಜ್ಯಗಳಲ್ಲಿಯೂ ಒಡಕುಗಳಲ್ಲಿಯೂ ಅನೇಕವು ಹುಟ್ಟಿರುವುದು ಅದರಿಂದಲೇ.